ಏರಿಯ ಮೇಲಿನ ಹೊಂಗೆ

“ಅಜ್ಜಯ್ಯ, ಹೋದವರನ್ನು ನೆನೆಯುವುದು ತಪ್ಪೇ?”

ಈ ಪ್ರಶ್ನೆಯನ್ನು ಕೇಳುವ ಮೊದಲು ಹಾಲಮ್ಮ ಮೂರು ದಿನ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ತಿರುಗಿದ್ದಳು. ಅವಳು ಆ ಆಶ್ರಮದಲ್ಲಿ ಮದ್ದು ಅರೆದು ಕೊಡುವವಳು. ವಿದ್ಯೆ ಕಲಿಸಿದವರು ಕೊಟ್ರಮ್ಮಜ್ಜಿ. ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು. ಅಜ್ಜಿ ಕೂರುತ್ತಿದ್ದ ಮದ್ದಿನ ಕೋಣೆಗೆ ಅಂದಿನಿಂದ ಬೀಗ ಬಿದ್ದಿತ್ತು. ಬೀಗದ ಕೈ ಹಾಲಮ್ಮನ ಸೊಂಟದಲ್ಲಿತ್ತು. ಒಳಗೆ ಚಾಪೆ ಹಾಸಿದ ಹಾಗೇ ಇತ್ತು. ಕಲ್ಬತ್ತಿನಲ್ಲಿ ಅರ್ಧ ಕುಟ್ಟಿದ ಬೇರು ಹಾಗೇ ಇತ್ತು. ಮದ್ದಿಗೆ ಬಂದವರು ಅಂಗಳದ ಬಿಸಿಲಿನಲ್ಲಿ ಕೂರುತ್ತಿದ್ದರು. ಹಾಲಮ್ಮ ಅಡುಗೆಮನೆಯ ಒರಳಿನಲ್ಲಿ ಮದ್ದು ಅರೆದು ತಂದು ಕೊಡುತ್ತಿದ್ದಳು. ಕಷಾಯಕ್ಕೆ ಒಗ್ಗರಣೆಯ ವಾಸನೆ ಬರುತ್ತಿದೆ, ಜೊತೆಗೆ ಎರಡು ರೊಟ್ಟಿಯೂ ಕೊಟ್ಟರೆ ಆದೀತು ಎಂದು ಒಬ್ಬ ಮುದುಕ ತಮಾಷೆ ಮಾಡಿದ್ದ. ಆ ಕೋಣೆ ತೆರೆಯಬಾರದೇ ಎಂದು ಇನ್ನೊಬ್ಬರು ಮೆಲ್ಲಗೆ ಕೇಳಿದ್ದರು. ಮುದುಕನ ಮಾತಿಗೆ ಅವಳು ನಕ್ಕಿದ್ದಳು. ಎರಡನೆಯ ಮಾತು ಅವಳ ಎದೆಯಲ್ಲಿ ನಟ್ಟಿತ್ತು.

ಆಶ್ರಮದ ಹಿರಿಯರಾದ ಅಜ್ಜಯ್ಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. ಕೂತುಕೋ ಎಂದಷ್ಟೇ ಹೇಳಿ, ಕೈಯ ಕೆಲಸ ಬಿಡದೆ ಒಂದು ಕತೆ ಹೇಳಿದರು.

ಒಬ್ಬ ಎಣ್ಣೆ ವರ್ತಕನಿದ್ದ. ನಾಲ್ಕು ಗಾಣಗಳ ಒಡೆಯ. ಹುಟ್ಟಿ ಬೆಳೆದದ್ದು ನೀರಿಲ್ಲದ ಊರಿನಲ್ಲಿ. ಹುಡುಗನಾಗಿದ್ದಾಗ ಒಂದು ಚೊಂಬಿನಲ್ಲಿ ಸ್ನಾನ ಮುಗಿಸಬೇಕಾಗಿತ್ತು. ತಲೆಗೆ ಸುರಿದುಕೊಂಡರೆ ಕಾಲಿಗೆ ಉಳಿಯುತ್ತಿರಲಿಲ್ಲ, ಕಾಲಿಗೆ ಉಳಿಸಿಕೊಂಡರೆ ತಲೆ ನೆನೆಯುತ್ತಿರಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಅವನು ಊರ ಹೊರಗೆ ಎರಡು ಗುಡ್ಡಗಳ ನಡುವಿನ ಜಾಗ ಕೊಂಡ. ಅಲ್ಲಿ ಜಾಲಿಯ ಗಿಡ ಬಿಟ್ಟರೆ ಬೇರೆ ಏನೂ ಏಳುತ್ತಿರಲಿಲ್ಲ. ಒಂದು ಹಳ್ಳ ಮಳೆಗಾಲದಲ್ಲಿ ಹರಿದು, ಬೇಸಿಗೆಯಲ್ಲಿ ಬತ್ತುತ್ತಿತ್ತು. ಆ ಹಳ್ಳಕ್ಕೆ ಅಡ್ಡವಾಗಿ ಅವನು ಮಣ್ಣಿನ ಏರಿ ಹಾಕಿಸಿದ. ಏರಿಯ ಹೊಟ್ಟೆಗೆ ಜೇಡಿಮಣ್ಣು ತುಂಬಿಸಿ, ಎತ್ತುಗಳನ್ನು ಓಡಾಡಿಸಿ ತುಳಿಸಿದ. ಒಳಮೈಗೆ ಕಲ್ಲು ಹಾಸಿದ. ನೀರು ಬಿಡಲು ಒಂದು ತೂಬು, ಹೆಚ್ಚಿನ ನೀರು ಹರಿದುಹೋಗಲು ಪಕ್ಕದಲ್ಲಿ ಒಂದು ಕೋಡಿ. ಎರಡು ಮಳೆಗಾಲದಲ್ಲಿ ಕೆರೆ ತುಂಬಿತು.

ಗದ್ದೆಗೋ ತೋಟಕ್ಕೋ ಎಂದು ಜನ ಕೇಳಿದರು. ಈಜುವುದಕ್ಕೆ ಎಂದ. ಎಣ್ಣೆಯವನಿಗೆ ನೀರಿನ ಹುಚ್ಚು ಹಿಡಿದಿದೆ, ಎರಡೂ ಬೆರೆಯುವುದಿಲ್ಲವೆಂದು ಯಾರಾದರೂ ಅವನಿಗೆ ಹೇಳಿ ಎಂದು ಸಂತೆಯಲ್ಲಿ ನಕ್ಕರು. ಅವನೂ ನಕ್ಕ.

ಆ ಕಾಲದಲ್ಲಿ ಅಮಾವಾಸ್ಯೆಯ ದಿನ ಗಾಣ ಕಟ್ಟುತ್ತಿರಲಿಲ್ಲ. ಎತ್ತುಗಳಿಗೂ ಆಳುಗಳಿಗೂ ಬಿಡುವು. ಆ ಒಂದು ದಿನ ವರ್ತಕನ ಮನೆಯವರು, ನೆಂಟರು, ಗಾಣದವರು, ಪೇಟೆಯ ಗೆಳೆಯರು ಎಲ್ಲರೂ ಗಾಡಿ ಕಟ್ಟಿಕೊಂಡು ಕೆರೆಗೆ ಬರುತ್ತಿದ್ದರು. ಹೆಂಗಸರು ಬುತ್ತಿ ತರುತ್ತಿದ್ದರು. ಮಂಡಕ್ಕಿಯ ಚೀಲ ಒಂದು ಕಡೆ, ಮೊಸರನ್ನದ ಪಾತ್ರೆ ಇನ್ನೊಂದು ಕಡೆ. ಒಂದು ಹರಿಗೋಲು ಇತ್ತು. ಅದು ಹುಟ್ಟು ಹಾಕಿದ ಕಡೆಗೆ ಹೋಗದೆ ಸುತ್ತು ತಿರುಗುತ್ತಿತ್ತು. ಅದರಲ್ಲಿ ಕೂತವರ ಕೂಗಾಟಕ್ಕೆ ದಡದಲ್ಲಿದ್ದವರು ನಗುತ್ತಿದ್ದರು. ವರ್ತಕ ಪಂಚೆ ಎತ್ತಿ ಕಟ್ಟಿ ಸೊಂಟದವರೆಗಿನ ನೀರಿನಲ್ಲಿ ನಿಂತು ಮಕ್ಕಳಿಗೆ ಈಜು ಕಲಿಸುತ್ತಿದ್ದ. ಬೆನ್ನಿಗೆ ಒಣ ಕತ್ತಾಳೆಯ ಬೆಂಡು ಕಟ್ಟುತ್ತಿದ್ದ. ಮಗು ಮುಳುಗದ ಹಾಗೆ ಬೆಂಡು ಎತ್ತಿ ಹಿಡಿಯುತ್ತಿತ್ತು. ದಿನ ಕಳೆದ ಹಾಗೆ ಬೆಂಡನ್ನು ಸಣ್ಣದು ಮಾಡುತ್ತಾ ಬಂದು, ಕೊನೆಗೆ ಒಂದು ದಿನ ಬಿಚ್ಚಿಬಿಡುತ್ತಿದ್ದ.

ಬೆಂಡು ಬಿಚ್ಚಿದ ದಿನ ಅಲ್ಲಿ ಒಂದು ಪದ್ಧತಿ ಇತ್ತು. ಆ ಮಗು ಏರಿಯ ಮೇಲೆ ಒಂದು ಹೊಂಗೆಯ ಸಸಿ ನೆಡಬೇಕು. ಬಿಚ್ಚಿದ ಬೆಂಡನ್ನೇ ಸಸಿಗೆ ಊರುಗೋಲಾಗಿ ಕಟ್ಟಬೇಕು. ಮರಕ್ಕೆ ಆ ಮಗುವಿನ ಹೆಸರು. ಮೊದಲ ಸಸಿ ನೆಟ್ಟವಳು ವರ್ತಕನ ಮಗಳು ಪ್ರಭಾವತಿ. ಆಗ ಅವಳಿಗೆ ಎಂಟು ವರ್ಷ.

ಕೆರೆ ಕಾಯಲು ವರ್ತಕ ಒಬ್ಬ ನೀರಗಂಟಿಯನ್ನು ಇಟ್ಟುಕೊಂಡಿದ್ದ. ನಾಲ್ಕು ತಲೆಮಾರಿನಿಂದ ಊರ ಕೆರೆಗಳ ತೂಬು ಎತ್ತಿ ಇಳಿಸಿದ ಮನೆತನದವನು. ಸಸಿ ನೆಟ್ಟ ಸಂಜೆ ಅವನು ಏರಿಯ ಮೇಲೆ ಬಂದು ನಿಂತ. ಏರಿಗೆ ಹುಲ್ಲು ಸಾಕು, ಮರ ಬೇಡ ಎಂದ. ಬೇರು ಮಣ್ಣನ್ನು ಹಿಡಿಯುತ್ತದಲ್ಲವೇ ಎಂದು ವರ್ತಕ ಕೇಳಿದ.

“ಹೊಲದ ಬದುವಿನಲ್ಲಿ ಹಿಡಿಯುತ್ತೆ ಸಾಹುಕಾರ್ರೇ. ಏರಿಯಲ್ಲಿ ನೀರಿಗೆ ದಾರಿ ತೋರಿಸುತ್ತೆ. ಬದುಕಿರೋವರೆಗೂ ಬೇರು ತಾನು ಕುಡಿಯುತ್ತೆ. ಸತ್ತ ಮೇಲೆ ಕೊಳವೆಯಾಗುತ್ತೆ.”

ಸಸಿ ಒಂದು ಮೊಳವೂ ಇರಲಿಲ್ಲ. ಎರಡೇ ಎಲೆಯ ಗಿಡಕ್ಕೆ ಇಷ್ಟು ಹೆದರಿದರೆ ಹೇಗಯ್ಯಾ ಎಂದು ವರ್ತಕ ಅವನ ಹೆಗಲು ತಟ್ಟಿದ. ಎರಡನೆಯ ಸಸಿಗೂ ನೀರಗಂಟಿ ಅದೇ ಮಾತು ಹೇಳಿದ. ಸಂಬಳ ಕೊಡುವವರ ಎದುರು ಒಂದು ಮಾತನ್ನು ಎರಡು ಸಲ ಹೇಳಬಹುದು. ಮೂರನೆಯ ಸಸಿಗೆ ಅವನೇ ಗುಂಡಿ ತೋಡಿ ಕೊಟ್ಟ.

ಹೀಗೆ ನಲವತ್ತೊಂದು ಸಸಿಗಳಾದವು.

ಗುಡ್ಡಗಳ ನೆರಳು ಎಷ್ಟು ಸಲ ಆ ನೀರನ್ನು ದಾಟಿತೋ, ಲೆಕ್ಕ ಇಟ್ಟವರಿಲ್ಲ. ಸಸಿಗಳು ಮರಗಳಾದವು. ಮಕ್ಕಳು ದೊಡ್ಡವರಾದರು. ಕೊಟ್ಟ ಮನೆಗೆ ಹೋದರು, ಕೆಲಸ ಸಿಕ್ಕ ಊರಿಗೆ ಹೋದರು. ಗಾಣಕ್ಕೆ ಕರೆಂಟು ಬಂತು. ಎತ್ತುಗಳು ಹೋದವು, ಯಂತ್ರ ಬಂತು. ಯಂತ್ರಕ್ಕೆ ಅಮಾವಾಸ್ಯೆ ಯಾವುದು, ಹುಣ್ಣಿಮೆ ಯಾವುದು. ಆ ದಿನವೂ ಗಾಣ ತಿರುಗತೊಡಗಿತು. ತಿರುಗಲಿ ಎಂದವನು ವರ್ತಕನೇ. ಹಾಗೆ ಹೇಳುವಾಗ ಕೆರೆಯ ನೆನಪು ಅವನಿಗೆ ಬಂದಿರಲಿಲ್ಲ. ಜನಕ್ಕೆ ಬಿಡುವು ತಪ್ಪಿತು. ಮೊದಲು ಗಾಣದವರು ಬರುವುದು ನಿಂತಿತು, ಆಮೇಲೆ ಗೆಳೆಯರು, ಆಮೇಲೆ ನೆಂಟರು. ಹರಿಗೋಲಿನ ಚರ್ಮ ಒಣಗಿ ಬಿರಿಯಿತು. ವರ್ತಕನ ಹೆಂಡತಿಗೆ ಮಂಡಿನೋವು, ಅವಳೂ ಬರಲಾರಳು.

ವರ್ತಕ ಒಬ್ಬನೇ ಬರುತ್ತಿದ್ದ. ಅಮಾವಾಸ್ಯೆಗೆ ಮಾತ್ರವಲ್ಲ, ದಿನವೂ ಸಂಜೆ. ಏರಿಯ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತಿದ್ದ. ಪ್ರತಿ ಮರದ ಬೊಡ್ಡೆಯ ಮೇಲೆ ಕೈಯಿಟ್ಟು ಹೆಸರು ಹೇಳುತ್ತಿದ್ದ. ಪ್ರಭಾವತಿ, ಜಯದೇವ, ಕಾಂತಮ್ಮ, ತಿಪ್ಪೇಶ. ಮೊಮ್ಮಕ್ಕಳ ಹೆಸರು ಹೇಳಲು ತಡವರಿಸುತ್ತೀರಿ, ಆ ಮರಗಳ ಹೆಸರು ಮಾತ್ರ ನಿದ್ದೆಯಲ್ಲೂ ತಪ್ಪುವುದಿಲ್ಲ ಎಂದು ಹೆಂಡತಿ ಮೂದಲಿಸುತ್ತಿದ್ದಳು. ಅದು ನಿಜವೇ ಆಗಿತ್ತು.

ಮೆಟ್ಟಿಲ ಮೇಲೆ ಕೂತರೆ ನೀರು ಮೂರನೆಯ ಮೆಟ್ಟಿಲಿಗೆ ತಾಗಬೇಕು. ಅಂದು ಹಾಗೆ ತಾಗುತ್ತಿತ್ತು. ನೀರು ಇಳಿದ ವರ್ಷಗಳಲ್ಲಿ ಕೆರೆ ತನ್ನದಲ್ಲವೆಂಬಂತೆ ಅವನಿಗೆ ತೋರುತ್ತಿತ್ತು. ಆದ್ದರಿಂದ ಕೋಡಿಗೆ ಅಡ್ಡ ಹಲಗೆ ಹೊಡೆಸಿದ. ಹರಿದುಹೋಗಬೇಕಾದ ನೀರು ನಿಂತಿತು. ಮೂರನೆಯ ಮೆಟ್ಟಿಲು ವರ್ಷವಿಡೀ ಒದ್ದೆಯಾಯಿತು. ಜಯದೇವನ ಮರ ಒಂದು ವರ್ಷ ಹುಳು ಹಿಡಿದು ಒಣಗಿತು. ಕಡಿದು ಬುಡ ಕೀಳೋಣ ಎಂದು ನೀರಗಂಟಿ ಬಂದ. ವರ್ತಕ ಬಿಡಲಿಲ್ಲ. ಒಣಗಿದ ಮರದ ಬೊಡ್ಡೆಯ ಮೇಲೂ ಅವನು ಸಂಜೆ ಕೈಯಿಟ್ಟು ಹೆಸರು ಹೇಳಿಯೇ ಮುಂದೆ ಹೋಗುತ್ತಿದ್ದ.

ಏರಿಯ ಕೆಳಗೆ, ಹಳ್ಳದ ಪಕ್ಕದಲ್ಲಿ, ಕುಂಬಾರರ ಹನ್ನೆರಡು ಮನೆಗಳಿದ್ದವು. ಕೆರೆ ಬರುವ ಮೊದಲಿನಿಂದಲೂ ಇದ್ದವರು, ಹಳ್ಳದ ಮಣ್ಣನ್ನು ನಂಬಿದವರು. ಕೆರೆಗೆ ತಂತಿಬೇಲಿ ಇತ್ತು. ಅವರು ಅದನ್ನು ದಾಟಿದವರಲ್ಲ, ಯಾರೂ ಅವರನ್ನು ಕರೆದಿರಲೂ ಇಲ್ಲ. ವರ್ತಕನಿಗೆ ಅವರ ಮೇಲೆ ಸಿಟ್ಟೇನೂ ಇರಲಿಲ್ಲ. ಏರಿಯ ಮೇಲೆ ಕೂತವರು ನೀರಿನ ಕಡೆಗೇ ಮುಖ ಮಾಡಿ ಕೂರುತ್ತಾರೆ, ಅಷ್ಟೆ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಒಬ್ಬ ಕುಂಬಾರ ಹೆಂಗಸು ಅವನ ಅಂಗಡಿಗೆ ಬಂದಳು. ಸೆರಗಿನಿಂದ ಒಂದು ಹಣತೆ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು. ಎಣ್ಣೆ ಕೇಳಲು ಬಂದಿದ್ದಾಳೆಂದು ವರ್ತಕ ಎದ್ದು ಅದಕ್ಕೆ ಎಣ್ಣೆ ಹಾಕಲು ಹೋದ. ಅವಳು ಹಣತೆಯ ಮೇಲೆ ಕೈ ಅಡ್ಡ ಹಿಡಿದಳು. ಏರಿಯ ಬುಡದಲ್ಲಿ ಮೊದಲಿನಿಂದಲೂ ಸ್ವಲ್ಪ ನೀರು ಒಸರುತ್ತಿತ್ತು, ಆ ತಿಳಿನೀರಿನಿಂದಲೇ ನಾವು ಮಣ್ಣು ಕಲಸುತ್ತಿದ್ದೆವು, ಈಚೆಗೆ ಆ ನೀರು ಬಣ್ಣ ಕಟ್ಟುತ್ತಿದೆ ಎಂದಳು. ಒಂದು ತಿಂಗಳು ಆ ನೀರನ್ನು ಬಾನಿಯಲ್ಲಿ ಹಿಡಿದಿಟ್ಟು, ತಳದಲ್ಲಿ ಕೂತ ಮಣ್ಣನ್ನು ಮಾತ್ರ ತೆಗೆದು ಈ ಹಣತೆ ಮಾಡಿದೆ ಎಂದಳು. ಅದು ಹಳ್ಳದ ಮಣ್ಣಲ್ಲ. ಹಳ್ಳದ ಮಣ್ಣು ಸುಟ್ಟರೆ ಕೆಂಪಾಗುತ್ತದೆ. ಇದು ಹಳದಿಯಾಗಿತ್ತು. ಏರಿಯ ಹೊಟ್ಟೆಗೆ ತುಂಬಿದ ಜೇಡಿಯನ್ನು ಗಾಡಿಗಳಲ್ಲಿ ತಂದು ಸುರಿಯುವಾಗ ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದಳು. ಕುಂಬಾರರಿಗೆ ಮಣ್ಣಿನ ಗುರುತು ಮರೆಯುವುದಿಲ್ಲ.

ಬೇಸಿಗೆ ಬರಲಿ, ಒಸರು ತಾನೇ ಬತ್ತುತ್ತದೆ ಎಂದ ವರ್ತಕ. ಹಣತೆಯನ್ನು ಗೂಡಿನಲ್ಲಿಟ್ಟ.

ಮುಂದಿನ ಅಮಾವಾಸ್ಯೆಗೆ ಅವಳು ಒಂದು ಕುಡಿಕೆ ತಂದಳು. ಅದೇ ಹಳದಿ. ಇಟ್ಟು ಹೋದಳು. ಅದರ ಮುಂದಿನ ಅಮಾವಾಸ್ಯೆಗೆ ಸೊಂಟದ ಮೇಲೆ ಒಂದು ಗಡಿಗೆ ಹೊತ್ತು ತಂದಳು. ಎರಡು ಕೊಡ ನೀರು ಹಿಡಿಯುವ ಗಡಿಗೆ. ಅಂಗಡಿಗೆ ಬಂದ ಗಿರಾಕಿಗಳು ಸಾಹುಕಾರರು ಗಡಿಗೆಯ ವ್ಯಾಪಾರವನ್ನೂ ಶುರು ಮಾಡಿದರೇ ಎಂದು ನಕ್ಕರು. ಈ ಸಲ ವರ್ತಕನಿಗೆ ನಗು ಬರಲಿಲ್ಲ.

“ಮುಂದಿನ ತಿಂಗಳು ಕಾಳು ತುಂಬೋ ವಾಡೆ ಮಾಡಬೇಕಾಗುತ್ತೆ ಸಾಹುಕಾರ್ರೇ,” ಎಂದಳು ಅವಳು. “ಅದನ್ನ ಹೊತ್ತು ತರೋಕೆ ನಾನು ಇರ್ತೀನೋ ಇಲ್ಲವೋ ಗೊತ್ತಿಲ್ಲ.”

ವರ್ತಕ ನೀರಗಂಟಿಯನ್ನು ಕರೆಸಿದ. ನೀರಗಂಟಿಗೆ ಈಗ ಕಣ್ಣು ಮಂಜಾಗಿತ್ತು. ಅವನು ಗಡಿಗೆಯನ್ನು ಕೈಯಿಂದ ತಡವಿ ನೋಡಿದ. ಜಯದೇವನ ಮರದ ಬೇರು ಒಳಗೆ ಕೊಳೆತಿದೆ, ನೀರಿಗೆ ಹಾದಿ ಸಿಕ್ಕಿದೆ, ಬರುವ ಮಳೆಗಾಲಕ್ಕೆ ಹಾದಿ ಬಾಗಿಲಾಗುತ್ತದೆ ಎಂದ. ಕೋಡಿಯ ಹಲಗೆ ಕೀಳಬೇಕು. ತೂಬು ಎತ್ತಬೇಕು. ಮೊದಲು ಮೂವತ್ತು ಗೇಣು ನೀರು ಇಳಿಯಬೇಕು, ಆಮೇಲೆ ನಲವತ್ತೊಂದು ಮರವನ್ನೂ ಕಡಿದು, ಬೇರು ಅಗೆದು, ಹೊಸ ಜೇಡಿ ತುಂಬಿ ತುಳಿಯಬೇಕು. ಆದರೆ ನೀರನ್ನು ಒಮ್ಮೆಲೇ ಬಿಡುವ ಹಾಗಿಲ್ಲ. ಒದ್ದೆ ಏರಿ ನೀರಿನ ಆಸರೆ ತಪ್ಪಿದರೆ ಒಳಕ್ಕೆ ಕುಸಿಯುತ್ತದೆ. ದಿನಕ್ಕೆ ಒಂದು ಗೇಣು, ಅದಕ್ಕಿಂತ ಹೆಚ್ಚಿಲ್ಲ. ಮಳೆಗೆ ಇನ್ನು ಉಳಿದದ್ದು ಒಂದು ತಿಂಗಳು, ಮೇಲೆ ಒಂದೆರಡು ದಿನ. ಎಣಿಸಿದರೆ ಇಂದೇ ಶುರುವಾಗಬೇಕಿತ್ತು.

ವರ್ತಕ ಅಂದು ಶುರು ಮಾಡಲಿಲ್ಲ. ಒಂದು ಮರವನ್ನಾದರೂ ಉಳಿಸಬಹುದೇ ಎಂದು ಕೇಳಿದ. ಯಾವುದು ಎಂದು ನೀರಗಂಟಿ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಜಯದೇವನ ಮರದ ಪಕ್ಕದ್ದೇ ಪ್ರಭಾವತಿಯ ಮರ.

ವರ್ತಕ ಮಗಳಿಗೆ ಹೇಳಿಕಳಿಸಿದ. ಮನಸ್ಸಿನ ಮೂಲೆಯಲ್ಲಿ ಒಂದು ಲೆಕ್ಕವಿತ್ತು. ಮಗಳು ಅಳುತ್ತಾಳೆ, ನನ್ನ ಮರ ಕಡಿಯಬೇಡಿ ಎನ್ನುತ್ತಾಳೆ. ಮಗಳು ಬೇಡವೆಂದರೆ ತಾನೂ ಬೇಡವೆನ್ನಬಹುದು. ತಂದೆಗೆ ಅದಕ್ಕಿಂತ ದೊಡ್ಡ ಕಾರಣ ಬೇಕೇ.

ಮಗಳು ಬರುವುದಕ್ಕೆ ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ತೂಬು ಮುಚ್ಚಿಯೇ ಇತ್ತು.

ಅವಳಿಗೆ ಈಗ ತಲೆಯಲ್ಲಿ ಒಂದೆರಡು ಬಿಳಿಗೂದಲು. ಬಂದವಳೇ ಚಪ್ಪಲಿ ಬಿಟ್ಟು ಏರಿ ಹತ್ತಿದಳು. ವರ್ತಕ ಹಿಂದೆ ನಡೆದ. ಯಾವ ಮರ ಎಂದು ಅವನು ಹೇಳಲಿಲ್ಲ. ಅವಳಾಗಿಯೇ ನಿಲ್ಲಲಿ ಎಂದು ಕಾದ. ಅವಳು ಮರದಿಂದ ಮರಕ್ಕೆ ನಡೆದಳು. ಹೊಂಗೆ ಹೂ ಬಿಟ್ಟಿತ್ತು, ಕಾಲಡಿಯಲ್ಲಿ ಮುರಮುರ ಎನ್ನುತ್ತಿತ್ತು. ತನ್ನ ಮರವನ್ನು ಅವಳು ದಾಟಿದಳು. ಜಯದೇವನ ಒಣ ಬೊಡ್ಡೆಯನ್ನು ದಾಟಿದಳು. ಆರು ಮರ ಆಚೆ ಹೋಗಿ, ಒಂದು ಕೊಂಬೆ ಹಿಡಿದು ತಿರುಗಿ ನಕ್ಕಳು. ಇದೇ ಅಲ್ಲವೇ ನನ್ನದು ಎಂದಳು.

ಅದು ತಿಪ್ಪೇಶನ ಮರ.

ಅವಳು ದಾಟಿ ಬಂದದ್ದು ವರ್ತಕ ಇಷ್ಟು ವರ್ಷ ದಿನವೂ ಕೈಯಿಟ್ಟು ಅವಳ ಹೆಸರು ಹೇಳಿದ ಮರ. ಅವನು ಮೆಟ್ಟಿಲಿಳಿದು ಮೂರನೆಯ ಮೆಟ್ಟಿಲ ಮೇಲೆ ಕೂತ. ಮಗಳು ಬಂದು ಪಕ್ಕದಲ್ಲಿ ಕೂತಳು. ಸೀರೆ ಎತ್ತಿ ಕಾಲನ್ನು ನೀರಿಗೆ ಬಿಟ್ಟಳು. ತಂದೆಯ ಮುಖ ನೋಡಿ ಅವಳಿಗೆ ಅರ್ಥವಾಗಿರಬೇಕು.

“ಮರ ನನಗೆ ನೆನಪಿಲ್ಲ ಅಪ್ಪಾಜಿ,” ಎಂದಳು. “ಬೆಂಡು ಬಿಚ್ಚಿದ ದಿನ ನೆನಪಿದೆ. ಹೊಟ್ಟೆಯ ಕೆಳಗೆ ನಿಮ್ಮ ಅಂಗೈ ಇತ್ತು. ಇದೆ ಅಂದುಕೊಂಡೇ ಈಜಿದೆ. ತಿರುಗಿ ನೋಡಿದರೆ ನೀವು ದೂರ ನಿಂತಿದ್ದಿರಿ, ಎರಡೂ ಕೈ ಮೇಲೆತ್ತಿಕೊಂಡು. ಯಾವಾಗ ಕೈ ತೆಗೆದಿರೋ ನನಗೆ ಗೊತ್ತೇ ಆಗಲಿಲ್ಲ.”

ವರ್ತಕ ತನ್ನ ಅಂಗೈ ನೋಡಿಕೊಂಡ. ಎಣ್ಣೆ ಕುಡಿದು ನುಣುಪಾದ ಅಂಗೈ.

ಮಗಳು ಎದ್ದು ಮತ್ತೆ ಏರಿ ಹತ್ತಿ ಆಚೆ ಬದಿಗೆ ನೋಡಿದಳು. ಕೆಳಗೆ ಮಡಕೆ ಸುಡುವ ಆವಿಗೆಯ ಹೊಗೆ ಏಳುತ್ತಿತ್ತು. ಯಾರ ಮನೆಗಳು ಇವು, ನಾವು ಚಿಕ್ಕವರಿದ್ದಾಗಲೂ ಇದ್ದವೇ ಎಂದು ಕೇಳಿದಳು. ಇದ್ದವು ಎಂದ ವರ್ತಕ. ಅವರ ಮಕ್ಕಳ ಮರ ಯಾವುದು ಎಂದು ಕೇಳಿದಳು. ವರ್ತಕ ಎದ್ದು ಕೋಡಿಯ ಕಡೆಗೆ ನಡೆದ. ನೀರಗಂಟಿಯನ್ನು ಕೂಗಲೂ ಇಲ್ಲ. ಹಲಗೆಗೆ ಹೊಡೆದ ಮೊಳೆಯನ್ನು ಕಲ್ಲಿನಿಂದ ಜಜ್ಜಿ ಬಗ್ಗಿಸಿ, ಮೊದಲ ಹಲಗೆಯನ್ನು ತಾನೇ ಕಿತ್ತ.

ಅಂದಿನಿಂದ ದಿನಕ್ಕೆ ಒಂದು ಗೇಣು. ನೀರಗಂಟಿ ಮೆಟ್ಟಿಲಿನ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದ. ಮೂರನೆಯ ಮೆಟ್ಟಿಲು ಒಣಗಿತು, ನಾಲ್ಕನೆಯದು ಒಣಗಿತು. ಒಂದೊಂದು ಮೆಟ್ಟಿಲು ಬಯಲಾದ ಹಾಗೆ ಒಂದೊಂದು ವಸ್ತು ಹೊರಬಂತು. ಒಂದು ಹಿತ್ತಾಳೆಯ ಲೋಟ, ಹರಿಗೋಲಿನ ಹುಟ್ಟು, ಯಾರದೋ ಮಗುವಿನ ಕಾಲ್ಗೆಜ್ಜೆ. ಏಳಾಳುದ್ದ ಆಳವಿದೆ, ಆ ಕಡೆ ಹೋಗಬೇಡಿ ಎಂದು ಮಕ್ಕಳನ್ನು ಹೆದರಿಸುತ್ತಿದ್ದ ಜಾಗದಲ್ಲಿ ಒಂದು ಬಂಡೆಯ ನೆತ್ತಿ ಕಂಡಿತು. ಅಲ್ಲಿ ಎರಡಾಳು ನೀರೂ ಇದ್ದಿರಲಿಲ್ಲ. ವರ್ತಕ ಅದನ್ನು ನೋಡಿ ಒಬ್ಬನೇ ನಕ್ಕ. ನಕ್ಕು ಕಣ್ಣೊರೆಸಿಕೊಂಡ. ಬೇಗ ಬಿಡೋಣವೇ ಎಂದು ಒಂದು ದಿನ ಕೇಳಿದ. ಇಷ್ಟು ವರ್ಷ ಹಿಡಿದಿಟ್ಟಿದ್ದು, ಅವಸರ ಮಾಡಿದರೆ ಕೊಲ್ಲುತ್ತೆ ಎಂದ ನೀರಗಂಟಿ.

ಎಣಿಸಿದ್ದಕ್ಕೆ ಒಂಬತ್ತು ಗೇಣು ಬಾಕಿ ಇರುವಾಗಲೇ ಮಳೆ ಬಂತು. ಅವನು ಕಾದು ಕಳೆದ ಒಂಬತ್ತು ದಿನ.

ಮಧ್ಯಾಹ್ನ ಗುಡ್ಡದ ಹಿಂದೆ ಕಪ್ಪಾಯಿತು. ಹಳ್ಳ ಬಂತು. ಇಳಿದ ನೀರು ಮತ್ತೆ ಏರತೊಡಗಿತು. ಏರಿಯ ಬುಡದ ಒಸರು ಸಾರಿನಂತೆ ಕದಡಿ, ತೊಡೆಯ ದಪ್ಪಕ್ಕೆ ಹರಿಯಿತು. ಕುಂಬಾರರು ಮಡಕೆ ತಿರುಗಿಸುವ ತಿಗರಿಗಳನ್ನು ಹೊತ್ತು, ಮಕ್ಕಳನ್ನು ಎತ್ತಿಕೊಂಡು ಎದುರಿನ ಗುಡ್ಡದ ಬಂಡೆ ಹತ್ತಿದರು. ಸುಡಲು ಜೋಡಿಸಿದ ಮಡಕೆಗಳು ಕೆಳಗೇ ಉಳಿದವು. ವರ್ತಕನೂ ಮಗಳೂ ಮುದುಕ ನೀರಗಂಟಿಯನ್ನು ನಡುವೆ ಹಿಡಿದುಕೊಂಡು ಅದೇ ಬಂಡೆ ಹತ್ತಿ ನಿಂತರು. ಅಲ್ಲಿಂದ ವರ್ತಕ ತನ್ನ ಏರಿಯನ್ನು ಮೊದಲ ಸಲ ಕುಂಬಾರರ ಕಡೆಯಿಂದ ನೋಡಿದ. ಅದು ಅಷ್ಟು ಎತ್ತರವೆಂದು ಅವನಿಗೆ ಗೊತ್ತಿರಲಿಲ್ಲ. ಮೇಲೆ ಮರಗಳು ಗಾಳಿಗೆ ತೂಗುತ್ತಿದ್ದವು. ಒಂದೊಂದು ಸಲ ತೂಗಿದಾಗಲೂ ಬುಡದ ಮಣ್ಣನ್ನು ಅಲ್ಲಾಡಿಸುತ್ತಿದ್ದವು. ಹೆಸರುಗಳು ಅವನಿಗೆ ನೆನಪಾಗಲಿಲ್ಲ.

ಕುಂಬಾರ ಹೆಂಗಸು ಅವನ ಪಕ್ಕದಲ್ಲೇ ನೆನೆಯುತ್ತಾ ನಿಂತಿದ್ದಳು.

“ಇಪ್ಪತ್ತೈದು ವರ್ಷ ನಿಮ್ಮ ಕೆರೆ ನಮ್ಮ ತಲೆ ಮೇಲಿತ್ತು ಸಾಹುಕಾರ್ರೇ,” ಎಂದಳು. “ಒಂದು ದಿನಾನೂ ಅದರಲ್ಲಿ ಕಾಲು ತೊಳೆಯಲಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ನೀರು ಏರುತ್ತಲೇ ಹೋಯಿತು. ಕೋಡಿಯ ಮಟ್ಟಕ್ಕೆ ಬಂತು. ಅಲ್ಲಿ ಹಲಗೆಯಿರಲಿಲ್ಲ. ಕೋಡಿ ಬಿದ್ದ ಸದ್ದು ಬಂಡೆಯವರೆಗೂ ಕೇಳಿಸಿತು. ನೀರು ಏರಿಯನ್ನು ಬಿಟ್ಟು ಪಕ್ಕದ ಕಣಿವೆಗೆ ಇಳಿದು ಹೋಯಿತು. ಸಂಜೆ ಮಳೆ ಹಿಂದಾದಾಗ ಹೆಂಗಸು ಕೆಳಗಿಳಿದು, ಒಸರಿನ ನೀರನ್ನು ಒಂದು ಬಟ್ಟಲಿನಲ್ಲಿ ಹಿಡಿದು ತಂದಳು. ಬಟ್ಟಲನ್ನು ನೀರಗಂಟಿಯ ಕೈಗೆ ಕೊಟ್ಟಳು. ಅವನ ಕಣ್ಣಿಗೆ ಕಾಣದು. ಅವನು ಬೆರಳದ್ದಿ ತಳವನ್ನು ಮುಟ್ಟಿ ನೋಡಿ, ವರ್ತಕನ ಕಡೆಗೆ ಬಟ್ಟಲು ಚಾಚಿದ. ವರ್ತಕನೂ ಬೆರಳದ್ದಿ ನೋಡಿದ. ಮಣ್ಣಿತ್ತು. ಆದರೆ ಮಧ್ಯಾಹ್ನದಷ್ಟಿರಲಿಲ್ಲ.

ಏರಿ ಆ ವರ್ಷ ನಿಂತಿತು. ಒಂದೇ ಒಂದು ಹಲಗೆ ಉಳಿದಿದ್ದರೂ ನಿಲ್ಲುತ್ತಿರಲಿಲ್ಲ.

ಮಳೆ ಹೋದ ಮೇಲೆ ನಲವತ್ತೊಂದು ಮರಗಳನ್ನೂ ಕಡಿದರು. ಪ್ರಭಾವತಿಯ ಮರಕ್ಕೆ ಮೊದಲ ಕೊಡಲಿ ಹಾಕಿದವನು ವರ್ತಕ. ಬೇರುಗಳನ್ನು ಅಗೆದಾಗ ಜಯದೇವನ ಮರದ ಜಾಗದಲ್ಲಿ ತೋಳು ತೂರುವಷ್ಟು ದೊಡ್ಡ ಬಿಲವಿತ್ತು. ಅದರ ಒಳಗೋಡೆ ನೀರು ಉಜ್ಜಿ ನಯವಾಗಿತ್ತು, ಒಳ್ಳೆಯ ಕುಂಬಾರ ತಿರುಗಿಸಿದ ಮಡಕೆಯ ಹಾಗೆ. ಹೊಸ ಜೇಡಿ ತುಂಬಿ ತುಳಿದವರು ಹನ್ನೆರಡು ಮನೆಯವರು. ಕಾಲಲ್ಲಿ ಮಣ್ಣು ತುಳಿಯುವುದು ಅವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಏರಿಯ ಮೇಲೆ ಗರಿಕೆ ಹಚ್ಚಿದರು. ಬೇಲಿಯ ತಂತಿಯನ್ನು ಸುತ್ತಿ ಪಕ್ಕಕ್ಕಿಟ್ಟರು. ಕೋಡಿಗೆ ಮತ್ತೆ ಹಲಗೆ ಬೀಳಲಿಲ್ಲ. ನೀರು ಆರನೆಯ ಮೆಟ್ಟಿಲಿನಲ್ಲಿ ನಿಂತಿತು, ಅಲ್ಲೇ ಇದೆ.

ಅಮಾವಾಸ್ಯೆಯ ದಿನ ವರ್ತಕ ಗಾಣದ ಕರೆಂಟು ನಿಲ್ಲಿಸಿದ. ಗಾಣದವರು ಬಂದರು, ಎಲ್ಲರೂ ಅಲ್ಲ. ಕುಂಬಾರರ ಮಕ್ಕಳು ನೀರಿಗಿಳಿದರು. ಮುದುಕನಾದ ವರ್ತಕ ಸೊಂಟದವರೆಗಿನ ನೀರಿನಲ್ಲಿ ನಿಂತು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ತೆಗೆದ. ಬೆಂಡು ಬಿಚ್ಚಿದ ಮಗು ಈಗಲೂ ಹೊಂಗೆಯ ಸಸಿ ನೆಡುತ್ತದೆ. ಕೋಡಿಯ ಆಚೆ, ಗುಡ್ಡದ ಮೈಮೇಲೆ. ಅಲ್ಲಿ ಬೇರು ಎಷ್ಟು ಆಳ ಹೋದರೂ ಯಾರ ಮನೆಗೂ ದಾರಿಯಾಗುವುದಿಲ್ಲ. ಗೂಡಿನಲ್ಲಿದ್ದ ಹಳದಿ ಹಣತೆಗೆ ಅಂದು ವರ್ತಕ ಎಣ್ಣೆ ಹಾಕಿದ.

ಅಜ್ಜಯ್ಯ ಕತೆ ನಿಲ್ಲಿಸಿದರು. ಮಡಿಲಲ್ಲಿ ಬತ್ತಿಗಳ ಒಂದು ಸಣ್ಣ ಕಟ್ಟು ಆಗಿತ್ತು. ಅಂಗಳದಲ್ಲಿ ಮದ್ದಿಗೆ ಬಂದ ನಾಲ್ಕಾರು ಜನ ಗೋಡೆಯ ನೆರಳು ಸರಿದ ಹಾಗೆ ತಾವೂ ಸರಿದು ಕೂರುತ್ತಿದ್ದರು. ನೆರಳು ಈಗ ಒಂದು ಗೇಣು ಮಾತ್ರ ಉಳಿದಿತ್ತು. ಯಾರೋ ಕೆಮ್ಮಿದರು.

ಹಾಲಮ್ಮ ಕತೆಯಲ್ಲೇ ಇದ್ದಳು. ಮರಗಳನ್ನು ಕಡಿದದ್ದು ಅವಳಿಗೆ ಇನ್ನೂ ನೋಯುತ್ತಿತ್ತು. ಹಾಗಾದರೆ ಆ ಮಕ್ಕಳು ಗಿಡ ನೆಟ್ಟದ್ದೇ ತಪ್ಪಾಯಿತಲ್ಲವೇ ಎಂದು ಕೇಳಿದಳು. ಕೇಳುವಾಗ ಅವಳ ಕೈ ತನಗೆ ತಿಳಿಯದೆಯೇ ಸೊಂಟದ ಬೀಗದ ಕೈಯನ್ನು ಹಿಡಿದುಕೊಂಡಿತ್ತು.

ಅಜ್ಜಯ್ಯ ಮೊದಲ ಸಲ ತಲೆ ಎತ್ತಿ ಅವಳ ಕೈಯನ್ನು ನೋಡಿದರು.

“ನೆಟ್ಟದ್ದು ತಪ್ಪಲ್ಲ ತಾಯಿ, ನೀನು ಎಲ್ಲಿ ನೆಟ್ಟಿದ್ದೀಯ?”